ಉತಾರದ ಹಿಂದಿನ ಹೊಣೆ: ನಾಲ್ಕು ತಾಲೂಕುಗಳ ಭೂದಾಖಲೆ ಮತ್ತು ಮಾಹಿತಿ ನಿರ್ವಹಣೆ

ಸರ್ಕಾರಿ ಕಚೇರಿಯಾಗಲಿ, ಸಹಕಾರಿ ಸಂಘವಾಗಲಿ, ಬ್ಯಾಂಕ್ ಅಥವಾ ಆಸ್ಪತ್ರೆಯಾಗಲಿ, ಜನರ ಬಗ್ಗೆ ಮಾಹಿತಿ ಸಂಗ್ರಹಿಸುವ ಪ್ರತಿಯೊಂದು ಸಂಸ್ಥೆಯೂ ಕೆಲವು ಪ್ರಶ್ನೆಗಳಿಗೆ ಉತ್ತರ ನೀಡಬೇಕಾಗುತ್ತದೆ. ಈ ಮಾಹಿತಿಯನ್ನು ಯಾರು ಬರೆದರು? ಯಾರು ತಿದ್ದಬಹುದು? ಯಾರು ನೋಡಬಹುದು? ಎಷ್ಟು ಕಾಲ ಇಡಬೇಕು? ತಪ್ಪಾದರೆ ಯಾರನ್ನು ಕೇಳಬೇಕು? ಈ ಪ್ರಶ್ನೆಗಳಿಗೆ ಲಿಖಿತ ನಿಯಮಗಳ ಮೂಲಕ ಉತ್ತರ ಕಂಡುಕೊಂಡು, ಅದರಂತೆ ನಡೆಯುವುದನ್ನೇ ಹೊಣೆಯರಿತ ಮಾಹಿತಿ ನಿರ್ವಹಣೆ ಎನ್ನಲಾಗುತ್ತದೆ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳ ಭೂದಾಖಲೆಗಳ ಇತಿಹಾಸ ಈ ವಿಷಯಕ್ಕೆ ಉತ್ತಮ ಉದಾಹರಣೆಯಾಗಿದೆ.

ಈ ಭಾಗದ ರೈತರು 'ಉತಾರ' ಎಂದು ಕರೆಯುವ ದಾಖಲೆಯನ್ನೇ ಹಳೆಯ ಮೈಸೂರು ಭಾಗದಲ್ಲಿ ಪಹಣಿ ಎನ್ನುತ್ತಾರೆ. ಬೆಳೆಸಾಲ, ಬೆಳೆವಿಮೆ, ಬೆಳೆಹಾನಿ ಪರಿಹಾರ, ಜಮೀನಿನ ಮಾರಾಟ, ಅಣ್ಣತಮ್ಮಂದಿರ ನಡುವಿನ ವಾಟ್ನಿ ಇವೆಲ್ಲಕ್ಕೂ ಮೊದಲು ಕೇಳುವುದು ಉತಾರವನ್ನೇ. ಅದರಲ್ಲಿನ ಒಂದು ಹೆಸರು ಅಥವಾ ಒಂದು ಅಂಕಿ ತಪ್ಪಾದರೆ ಆ ವರ್ಷದ ಸಾಲ ನಿಲ್ಲಬಹುದು, ವಿಮೆಯ ಹಣ ಬಾರದಿರಬಹುದು.

ಕಲ್ಲಿನಿಂದ ಕಾಗದಕ್ಕೆ

ಜಮೀನಿನ ಮಾಹಿತಿಯನ್ನು ಸಾರ್ವಜನಿಕವಾಗಿ ದಾಖಲಿಸುವ ಪದ್ಧತಿ ಈ ಪ್ರದೇಶಕ್ಕೆ ಹೊಸದಲ್ಲ. ಪ್ರಾಚೀನ ಪಾನುಂಗಲ್ಲು ಎಂದರೆ ಇಂದಿನ ಹಾನಗಲ್ ಕದಂಬರ ಒಂದು ಶಾಖೆಯ ರಾಜಧಾನಿಯಾಗಿತ್ತು. ಹಿರೇಕೆರೂರು ತಾಲೂಕಿನ ಅಬ್ಬಲೂರಿನ ಶಾಸನಗಳು ಏಕಾಂತದ ರಾಮಯ್ಯನ ಕಾರಣಕ್ಕೆ ಚರಿತ್ರಕಾರರಿಗೆ ಸುಪರಿಚಿತ. ಇಂತಹ ದಾನಶಾಸನಗಳಲ್ಲಿ ಸಾಮಾನ್ಯವಾಗಿ ದಾನಿಯ ಹೆಸರು, ಭೂಮಿಯ ಅಳತೆ, ಎಲ್ಲೆ, ಕಾಲ ಹಾಗೂ ದಾನವನ್ನು ಕಾಪಾಡಬೇಕಾದವರ ವಿವರಗಳಿರುತ್ತವೆ. ಕೆಡಿಸಿದವರಿಗೆ ಶಾಪವೂ ಇರುತ್ತದೆ. ಯಾರು ಕೊಟ್ಟರು, ಏನನ್ನು ಕೊಟ್ಟರು, ಯಾವಾಗ ಕೊಟ್ಟರು, ಯಾರ ಹೊಣೆ ಎಂಬ ನಾಲ್ಕೂ ಸಂಗತಿಗಳು ಒಂದೇ ಕಡೆ, ಎಲ್ಲರ ಕಣ್ಣೆದುರು ನಿಂತಿರುತ್ತಿದ್ದವು.

ಬ್ರಿಟಿಷರ ಆಡಳಿತದಲ್ಲಿ ಧಾರವಾಡ ಕಲೆಕ್ಟರಿಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ರೂಪಿಸಿದ ಸರ್ವೆ ಪದ್ಧತಿಯು 1830ರ ದಶಕದಲ್ಲಿ ಪುಣೆ ಸೀಮೆಯ ಇಂದಾಪುರದಲ್ಲಿ ಆರಂಭವಾಗಿ ಮುಂದೆ ಈ ಭಾಗಕ್ಕೂ ವಿಸ್ತರಿಸಿತು. 1847ರ ಜಂಟಿ ವರದಿ ಅದರ ನಿಯಮಗಳನ್ನು ಸ್ಥಿರಗೊಳಿಸಿತು. ಸರ್ವೆ ನಂಬರು, ಟಿಪ್ಪಣಿ, ಆಕಾರಬಂದ್ ಎಂಬ ಇಂದಿಗೂ ಬಳಕೆಯಲ್ಲಿರುವ ದಾಖಲೆಗಳ ಬೇರು ಅಲ್ಲಿದೆ. 1903ರಲ್ಲಿ ಮುಂಬಯಿ ಪ್ರಾಂತವು ಹಕ್ಕುದಾಖಲೆಗಳ ಕಾಯ್ದೆಯನ್ನು ತಂದಿತು. ಕಂದಾಯ ವಸೂಲಿಗಾಗಿ ಹುಟ್ಟಿದ ಪುಸ್ತಕಕ್ಕೆ ಹಕ್ಕಿನ ವಿವರವೂ ಸೇರಿತು.

ಸವಣೂರಿನ ಕಥೆ ಬೇರೆ. ಅದು ನವಾಬರ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತದೊಂದಿಗೆ ವಿಲೀನಗೊಂಡಿತು. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ವಿಶಾಲ ಮೈಸೂರು ರಾಜ್ಯದ ಭಾಗವಾಯಿತು. 1997ರ ಆಗಸ್ಟ್ 24ರಂದು ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಆ ಬಳಿಕ ಹಿರೇಕೆರೂರಿನಿಂದ ಬೇರ್ಪಟ್ಟು ರಟ್ಟೀಹಳ್ಳಿ ಹೊಸ ತಾಲೂಕಾಯಿತು. ಹೀಗೆ ಒಂದೇ ಹೊಲದ ಚರಿತ್ರೆ ಹಲವು ಆಡಳಿತಗಳ ಕಾಗದಗಳಲ್ಲಿ ಹಂಚಿಹೋಗಿದೆ.

ಹೆಸರು ಬದಲಾದರೆ ಕಡತ ಸಿಗದು

ದಾಖಲೆ ಇದ್ದರಷ್ಟೇ ಸಾಲದು, ಅದು ಸಿಗಬೇಕು. ಬ್ರಿಟಿಷರ ಕಾಲದ ಧಾರವಾಡ ಜಿಲ್ಲೆಯಲ್ಲಿ ಶಿಗ್ಗಾವಿ ಎಂಬ ತಾಲೂಕಿರಲಿಲ್ಲ. ತಾಲೂಕಿನ ಹೆಸರು ಬಂಕಾಪುರ. ಅದರ ಕಚೇರಿ ಇದ್ದುದು ಶಿಗ್ಗಾವಿಯಲ್ಲಿ. ಅದೇ ರೀತಿ ಹಿರೇಕೆರೂರು ಕೋಡ ತಾಲೂಕಿನ ಕೇಂದ್ರವಾಗಿತ್ತು, ಹಾವೇರಿ ಕರಜಗಿ ತಾಲೂಕಿನ ಕೇಂದ್ರವಾಗಿತ್ತು. ಇಂದಿನ ಹೆಸರನ್ನಷ್ಟೇ ತಿಳಿದು ಹಳೆಯ ಸೂಚಿಯನ್ನು ಹುಡುಕುವವರಿಗೆ ದಾಖಲೆ ಕಣ್ಣಮುಂದಿದ್ದರೂ ದೊರೆಯುವುದಿಲ್ಲ.

ಇದಕ್ಕೆ ಪರಿಹಾರವೆಂದರೆ ದಾಖಲೆಯ ಬಗೆಗಿನ ದಾಖಲೆ. ಕಡತದ ಹಳೆಯ ಹೆಸರು, ಹೊಸ ಹೆಸರು, ಹಳೆಯ ಸರ್ವೆ ನಂಬರು, ಪೋಡಿಯಾದ ಬಳಿಕದ ಹಿಸ್ಸಾ ನಂಬರು, ಭಾಷೆ, ಲಿಪಿ, ಯಾವ ಕಚೇರಿಯಿಂದ ಬಂದಿತು ಎಂಬ ವಿವರಗಳನ್ನು ಸೂಚಿಯಲ್ಲಿ ಬರೆದಿಡಬೇಕು. ಲಿಪಿಯ ಪ್ರಶ್ನೆ ಇಲ್ಲಿ ಮುಖ್ಯ. ಮುಂಬಯಿ ಕರ್ನಾಟಕದ ಕುಲಕರ್ಣಿಗಳು ಬರೆದ ಹಳೆಯ ಕಾಗದಗಳಲ್ಲಿ ಅನೇಕವು ಮೋಡಿ ಲಿಪಿಯಲ್ಲಿವೆ. ಅದನ್ನು ಓದಬಲ್ಲವರು ಇಂದು ವಿರಳ. ಓದಲಾಗದ ದಾಖಲೆ ಇದ್ದೂ ಇಲ್ಲದಂತೆ.

ದಾಖಲೆ ನಿರ್ವಹಣೆ ಕುರಿತ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 15489 ಮೊದಲು 2001ರಲ್ಲಿ ಪ್ರಕಟವಾಗಿ 2016ರಲ್ಲಿ ಪರಿಷ್ಕರಣೆಗೊಂಡಿತು. ಉತ್ತಮ ದಾಖಲೆಗೆ ಅದು ನಾಲ್ಕು ಗುಣಗಳನ್ನು ಹೇಳುತ್ತದೆ: ಅದು ಅಸಲಿಯಾಗಿರಬೇಕು, ನಂಬಲರ್ಹವಾಗಿರಬೇಕು, ಅನಧಿಕೃತ ತಿದ್ದುಪಡಿಯಿಲ್ಲದೆ ಅಖಂಡವಾಗಿರಬೇಕು ಮತ್ತು ಬೇಕಾದಾಗ ಬಳಕೆಗೆ ಒದಗಬೇಕು. ಮೋಡಿ ಲಿಪಿಯ ಕಾಗದಗಳಲ್ಲಿ ಮೊದಲ ಮೂರು ಗುಣಗಳಿದ್ದರೂ ನಾಲ್ಕನೆಯದು ಕೈತಪ್ಪುತ್ತಿದೆ.

ಬರೆಯುವವನೇ ಕಾಯುವವನಾದಾಗ

ಸ್ವಾತಂತ್ರ್ಯಾನಂತರ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು 1961ರ ಕಾಯ್ದೆಯಿಂದ ರದ್ದಾದವು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮವು ರಾಜ್ಯಕ್ಕೆಲ್ಲ ಒಂದೇ ಬಗೆಯ ಹಕ್ಕುದಾಖಲೆಯನ್ನು ವಿಧಿಸಿತು. ಉತಾರದ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಇತರ ಹಕ್ಕುಗಳು ಮತ್ತು ಋಣಗಳು, 12ರಲ್ಲಿ ಸಾಗುವಳಿದಾರ ಹಾಗೂ ಬೆಳೆಯ ವಿವರ ಇರುತ್ತವೆ.

ಈ ಅಧಿನಿಯಮದ 129ನೇ ಪ್ರಕರಣದ ಪ್ರಕಾರ ಹಕ್ಕು ಬದಲಾವಣೆಯನ್ನು ಮೊದಲು ಮ್ಯುಟೇಶನ್ ವಹಿಯಲ್ಲಿ ಬರೆಯಬೇಕು, ಸಂಬಂಧಪಟ್ಟವರಿಗೆ ನೋಟಿಸು ನೀಡಬೇಕು, ತಕರಾರು ಬಂದರೆ ತಕರಾರು ವಹಿಯಲ್ಲಿ ದಾಖಲಿಸಬೇಕು, ವಿಚಾರಣೆಯ ಬಳಿಕ ಅಧಿಕಾರಿ ದೃಢೀಕರಿಸಬೇಕು. 133ನೇ ಪ್ರಕರಣವು ಇನ್ನೂ ಮಹತ್ವದ್ದು: ಸುಳ್ಳೆಂದು ಸಾಬೀತಾಗುವವರೆಗೆ ಹಕ್ಕುದಾಖಲೆಯ ನಮೂದನ್ನು ಸತ್ಯವೆಂದೇ ಭಾವಿಸಬೇಕು. ಅಂದರೆ ಬರೆದದ್ದು ತಪ್ಪಾದರೆ ಅದನ್ನು ತಪ್ಪೆಂದು ತೋರಿಸುವ ಹೊರೆ ರೈತನ ಮೇಲೆ ಬೀಳುತ್ತದೆ. ಕಾನೂನು ಇಷ್ಟು ತೂಕ ಕೊಟ್ಟ ದಾಖಲೆಯನ್ನು ಬರೆಯುವ ವಿಧಾನವೂ ಅಷ್ಟೇ ಬಿಗಿಯಾಗಿರಬೇಕಾದುದು ನ್ಯಾಯ.

ಆದರೆ ವ್ಯವಹಾರದಲ್ಲಿ ಹಾಗಿರಲಿಲ್ಲ. ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಾಧಿಕಾರಿಗಳು ಕೈಬರಹದ ಪಹಣಿಗಳನ್ನು ತಮ್ಮ ಬಳಿಯೇ ಇಟ್ಟುಕೊಂಡಿರುತ್ತಿದ್ದರು. ಬರೆಯುವವರು, ನಕಲು ಕೊಡುವವರು, ಕಾಯುವವರು ಮೂವರೂ ಒಬ್ಬರೇ. ಯಾವ ದಿನ ಯಾವ ಅಕ್ಷರ ತಿದ್ದಲ್ಪಟ್ಟಿತು ಎಂಬುದಕ್ಕೆ ಸ್ವತಂತ್ರ ಪುರಾವೆ ಇರುತ್ತಿರಲಿಲ್ಲ. ಇದು ವ್ಯಕ್ತಿಗಳ ದೋಷಕ್ಕಿಂತ ಹೆಚ್ಚಾಗಿ ವ್ಯವಸ್ಥೆಯ ದೋಷ. ಲೆಕ್ಕ ಬರೆಯುವವನೇ ಲೆಕ್ಕ ತಪಾಸಣೆ ಮಾಡಬಾರದೆಂಬ ನಿಯಮ ಸಂಘಸಂಸ್ಥೆಗಳ ಹಣಕ್ಕೆ ಅನ್ವಯಿಸುವಂತೆ ಮಾಹಿತಿಗೂ ಅನ್ವಯಿಸಬೇಕು.

ಗೇಣಿದಾರರ ಹಕ್ಕು ಇಂತಹ ಕಾಗದಗಳ ಮೇಲೆಯೇ ನಿಂತಿದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಂತೆ ತಾಲೂಕುಗಳಲ್ಲಿ ಭೂನ್ಯಾಯಮಂಡಳಿಗಳು ರಚನೆಯಾದವು. ಗೇಣಿದಾರರು 1979ರ ಜೂನ್ 30ರವರೆಗೆ ನಮೂನೆ 7ರಲ್ಲಿ ಅರ್ಜಿ ಸಲ್ಲಿಸಲು ಅವಕಾಶವಿತ್ತು. ಅಂದಿನ ಅರ್ಜಿ ಮತ್ತು ಆದೇಶವೇ ಇಂದು ಆ ಕುಟುಂಬದ ಮೊಮ್ಮಕ್ಕಳ ಮಾಲೀಕತ್ವಕ್ಕೆ ಮೂಲ ಆಧಾರ. ತಾಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಆ ಕಡತ ಗೆದ್ದಲು ಹಿಡಿದರೆ ಕಳೆದುಹೋಗುವುದು ಕಾಗದವೊಂದೇ ಅಲ್ಲ.

'ಭೂಮಿ' ತಂದ ಬದಲಾವಣೆ

ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆ ದೇಶದಲ್ಲೇ ಮಾದರಿ ಎನಿಸಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ 2002ರ ವೇಳೆಗೆ ಅಂದಿನ 177 ತಾಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ಸುಮಾರು 67 ಲಕ್ಷ ರೈತರ ವಿವರಗಳು ಅವುಗಳಲ್ಲಿದ್ದವು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ನೀಡಿದರೆ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು. ಯೋಜನೆ ಜಾರಿಯಾದ ತಾಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ನಿಂತಿತು.

ಕಂಪ್ಯೂಟರಿಗಿಂತ ಹೆಚ್ಚಿನ ಪಾಠವಿರುವುದು ಯೋಜನೆಯೊಳಗಿನ ನಿಯಮಗಳಲ್ಲಿ:

* ಅಧಿಕಾರಿಗಳು ಬೆರಳಚ್ಚು ನೀಡಿಯೇ ತಂತ್ರಾಂಶದೊಳಗೆ ಪ್ರವೇಶಿಸಬೇಕಿತ್ತು. ಯಾವ ನಮೂದನ್ನು ಯಾರು ಅನುಮೋದಿಸಿದರು ಎಂಬುದು ದಾಖಲಾಗುತ್ತಿತ್ತು.
* ಮೊದಲು ಬಂದ ಅರ್ಜಿಯನ್ನು ಮೊದಲು ವಿಲೇವಾರಿ ಮಾಡಬೇಕಿತ್ತು. ನಡುವಿನ ಅರ್ಜಿಯೊಂದನ್ನು ಎತ್ತಿ ಮುಂದಿಡಲು ಅವಕಾಶವಿರಲಿಲ್ಲ.
* ಕಿಟಕಿಯ ಹೊರಗೆ ನಿಂತ ರೈತನಿಗೂ ಕಾಣುವಂತೆ ಎರಡನೇ ಪರದೆ ಇಡಲಾಗಿತ್ತು.
* ಮ್ಯುಟೇಶನ್‌ಗೆ ಆಧಾರವಾದ ಆದೇಶ ಮತ್ತು ನೋಟಿಸುಗಳನ್ನು ಸ್ಕ್ಯಾನ್ ಮಾಡಿ ಇಡುವ ವ್ಯವಸ್ಥೆಯಿತ್ತು.

ಆದರೆ ಮಿತಿಗಳೂ ಇದ್ದವು. ಗಣಕಯಂತ್ರಕ್ಕೆ ಸೇರಿದ್ದು ಕಾಗದದಲ್ಲಿದ್ದ ಮಾಹಿತಿಯೇ. ತೀರಿಹೋದ ಅಜ್ಜನ ಹೆಸರು ಕಾಗದದಲ್ಲಿದ್ದರೆ ಪರದೆಯ ಮೇಲೂ ಅದೇ ಹೆಸರು ಬಂದಿತು. ವಾರಸಾ ಆಗದ ಹೊಲಗಳ ಸಮಸ್ಯೆ ಹಾಗೆಯೇ ಉಳಿಯಿತು. ಅಧಿಕಾರ ಹಳ್ಳಿಯಿಂದ ತಾಲೂಕಿಗೆ ವರ್ಗವಾದುದರಿಂದ ದೊಡ್ಡ ಬಂಡವಾಳದವರಿಗೆ ಅನುಕೂಲವಾಯಿತೆಂದು ಬೆಂಗಳೂರಿನ ಸುತ್ತಲಿನ ಭೂವ್ಯವಹಾರವನ್ನು ಅಧ್ಯಯನ ಮಾಡಿದ ಸಂಶೋಧಕರು 2007ರಲ್ಲಿಯೇ ಟೀಕಿಸಿದ್ದರು. ಮಾಹಿತಿ ಒಂದೆಡೆ ಸೇರಿದಾಗ ಅದನ್ನು ಬಳಸುವ ಸಾಮರ್ಥ್ಯ ಎಲ್ಲರಿಗೂ ಸಮಾನವಾಗಿರುವುದಿಲ್ಲವೆಂಬುದು ಆ ಟೀಕೆಯ ತಿರುಳು.

ಒಂದು ಕಾಲಂ, ಒಂದು ವದಂತಿ

ಉತಾರದ ನಮೂದು ಊರಿನ ನೆಮ್ಮದಿಯನ್ನೇ ಕದಡಬಲ್ಲದೆಂಬುದಕ್ಕೆ 2024ರ ಅಕ್ಟೋಬರ್ ತಿಂಗಳು ಸಾಕ್ಷಿಯಾಯಿತು. ವಿಜಯಪುರ ಜಿಲ್ಲೆಯ ಕೆಲವು ರೈತರಿಗೆ ವಕ್ಫ್ ಆಸ್ತಿ ಕುರಿತ ನೋಟಿಸುಗಳು ತಲುಪಿದವು. ಕೆಲವು ಪಹಣಿಗಳ 11ನೇ ಕಾಲಂನಲ್ಲಿ ವಕ್ಫ್ ಎಂಬ ನಮೂದು ಕಂಡುಬಂದಿತು. ಸುದ್ದಿ ರಾಜ್ಯದಾದ್ಯಂತ ಹರಡಿತು. ಅಕ್ಟೋಬರ್ 30ರ ರಾತ್ರಿ ಸವಣೂರು ತಾಲೂಕಿನ ಕಡಕೋಳ ಗ್ರಾಮದಲ್ಲಿ ಮನೆಗಳನ್ನು ವಕ್ಫ್ ಆಸ್ತಿಯೆಂದು ದಾಖಲಿಸಲಾಗುತ್ತದೆ ಎಂಬ ವದಂತಿಯಿಂದ ಕೆಲವು ಮನೆಗಳ ಮೇಲೆ ಕಲ್ಲುತೂರಾಟ ನಡೆದು ಜನರು ಗಾಯಗೊಂಡರು. ಪೊಲೀಸರು ಹಲವರನ್ನು ವಶಕ್ಕೆ ಪಡೆದರು. ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ರೈತರಿಗೆ ನೀಡಿದ್ದ ನೋಟಿಸುಗಳನ್ನು ಹಿಂಪಡೆಯುವಂತೆಯೂ, ನೋಟಿಸು ನೀಡದೆ ಮಾಡಿದ ಪಹಣಿ ಬದಲಾವಣೆಗಳನ್ನು ರದ್ದುಪಡಿಸುವಂತೆಯೂ ಅಧಿಕಾರಿಗಳಿಗೆ ಸೂಚಿಸಿತು.

ರಾಜಕೀಯ ವಾದಗಳನ್ನು ಬದಿಗಿಟ್ಟು ನೋಡಿದರೆ ಇಲ್ಲಿ ಮಾಹಿತಿ ನಿರ್ವಹಣೆಯ ಎರಡು ಪಾಠಗಳಿವೆ. ಮೊದಲನೆಯದು, ವ್ಯಕ್ತಿಯ ಹಕ್ಕನ್ನು ಮುಟ್ಟುವ ಯಾವುದೇ ನಮೂದನ್ನು ಆತನಿಗೆ ತಿಳಿಸದೆ, ಆತನ ಮಾತು ಕೇಳದೆ ಬದಲಿಸಬಾರದು. ಇದು 1964ರ ಅಧಿನಿಯಮದಲ್ಲಿಯೇ ಅಡಗಿರುವ ತತ್ವ. ಎರಡನೆಯದು, ಯಾವ ಆದೇಶದ ಆಧಾರದಲ್ಲಿ ಯಾವ ನಮೂದು ಬಂದಿತೆಂಬ ವಿವರವನ್ನು ಕಚೇರಿಯೇ ತಡಮಾಡದೆ ಪ್ರಕಟಿಸಬೇಕು. ಅಧಿಕೃತ ಮಾಹಿತಿ ಮೌನವಾಗಿರುವ ಕಡೆ ವದಂತಿ ಮಾತನಾಡುತ್ತದೆ, ಅದಕ್ಕೆ ಬೆಲೆ ತೆರುವವರು ನೆರೆಹೊರೆಯವರು.

ತೆರೆದಿಡುವುದು ಮತ್ತು ಮರೆಮಾಡುವುದು

ಕರ್ನಾಟಕವು ಮಾಹಿತಿ ಹಕ್ಕಿನ ಕಾನೂನನ್ನು 2000ದಲ್ಲಿಯೇ ರೂಪಿಸಿತ್ತು. ಕೇಂದ್ರದ ಮಾಹಿತಿ ಹಕ್ಕು ಅಧಿನಿಯಮ 2005ರ ಅಕ್ಟೋಬರ್ 12ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ಅರ್ಜಿಗೆ 30 ದಿನಗಳೊಳಗೆ ಉತ್ತರಿಸಬೇಕೆಂಬುದು ಎಲ್ಲರಿಗೂ ತಿಳಿದಿದೆ. ಅಷ್ಟಾಗಿ ಗಮನಕ್ಕೆ ಬಾರದಿರುವುದು 4ನೇ ಪ್ರಕರಣ. ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ದಾಖಲೆಗಳನ್ನು ಪಟ್ಟಿಮಾಡಿ, ಸೂಚಿ ಸಿದ್ಧಪಡಿಸಿ ಇಡಬೇಕು ಮತ್ತು ಯಾರೂ ಕೇಳುವ ಮುನ್ನವೇ 17 ಬಗೆಯ ವಿವರಗಳನ್ನು ಪ್ರಕಟಿಸಬೇಕು ಎಂದು ಅದು ವಿಧಿಸುತ್ತದೆ. ಸೂಚಿಯಿಲ್ಲದ ಕಚೇರಿಯಲ್ಲಿ 'ಕಡತ ಲಭ್ಯವಿಲ್ಲ' ಎಂಬ ಉತ್ತರ ಸುಲಭವಾಗುತ್ತದೆ.

ತೆರೆದಿಡುವುದಕ್ಕೂ ಒಂದು ಎಲ್ಲೆಯಿದೆ. 2023ರಲ್ಲಿ ಮಂಗಳೂರು ಸೇರಿದಂತೆ ರಾಜ್ಯದ ಕೆಲವೆಡೆ, ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ವಿವರಗಳನ್ನು ದುರುಪಯೋಗಪಡಿಸಿಕೊಂಡು ಬ್ಯಾಂಕ್ ಖಾತೆಗಳಿಂದ ಹಣ ಎಗರಿಸಿದ ಪ್ರಕರಣಗಳು ಬೆಳಕಿಗೆ ಬಂದವು. ಜನರು ತಮ್ಮ ಬಯೋಮೆಟ್ರಿಕ್ ವಿವರಕ್ಕೆ ಬೀಗ ಹಾಕಿಕೊಳ್ಳುವಂತೆ ಪೊಲೀಸರು ಸಲಹೆ ನೀಡಬೇಕಾಯಿತು. ಜಮೀನಿನ ಮಾಲೀಕರು ಯಾರೆಂಬುದು ಸಾರ್ವಜನಿಕರಿಗೆ ತಿಳಿಯಬೇಕಾದ ಸಂಗತಿ. ಮಾಲೀಕರ ಹೆಬ್ಬೆಟ್ಟಿನ ಗೆರೆಗಳು ಹಾಗಲ್ಲ. ಒಂದೇ ಕಾಗದದಲ್ಲಿ ತೋರಿಸಬೇಕಾದುದೂ ಮುಚ್ಚಬೇಕಾದುದೂ ಇರುತ್ತವೆ. ಎರಡನ್ನೂ ಬೇರ್ಪಡಿಸುವುದು ದಾಖಲೆ ಇಟ್ಟವರ ಕರ್ತವ್ಯ.

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸರ್ವಾನುಮತದಿಂದ ತೀರ್ಪು ನೀಡಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರೆಂಬುದು ಕನ್ನಡಿಗರಿಗೆ ಗಮನಾರ್ಹ. ತೀರ್ಪಿನ ಮುಂದುವರಿಕೆಯಾಗಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಬಂದಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಅಧಿನಿಯಮ ಹಂತಹಂತವಾಗಿ ಜಾರಿಯಾಗುವಂತೆ ರೂಪಿಸಲಾಗಿದೆ.

ಈ ಅಧಿನಿಯಮದಂತೆ ಮಾಹಿತಿ ಪಡೆಯುವ ಸಂಸ್ಥೆಯು ಉದ್ದೇಶವನ್ನು ತಿಳಿಸಬೇಕು, ಆ ಉದ್ದೇಶಕ್ಕೆ ಬೇಕಾದಷ್ಟನ್ನೇ ಬಳಸಬೇಕು. ವ್ಯಕ್ತಿಯ ಮೇಲೆ ಪರಿಣಾಮ ಬೀರುವ ನಿರ್ಧಾರಕ್ಕೆ ಬಳಸುವ ಮಾಹಿತಿ ಸರಿಯಾಗಿ, ಪೂರ್ಣವಾಗಿ ಇರುವಂತೆ ನೋಡಿಕೊಳ್ಳಬೇಕು. ತಿದ್ದುಪಡಿ ಕೇಳುವ ಹಕ್ಕು ವ್ಯಕ್ತಿಗಿದೆ. ಸೂಕ್ತ ರಕ್ಷಣಾ ಕ್ರಮ ಕೈಗೊಳ್ಳದೆ ಮಾಹಿತಿ ಸೋರಿಕೆಯಾದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಸರ್ಕಾರಿ ಸಂಸ್ಥೆಗಳಿಗೆ ಕೆಲವು ವಿನಾಯಿತಿಗಳೂ ಇವೆ.

ಇದೇ ಅಧಿನಿಯಮವು ಮಾಹಿತಿ ಹಕ್ಕಿನ ಕಾನೂನಿನ 8(1)(ಜೆ) ಉಪಪ್ರಕರಣವನ್ನು ತಿದ್ದಿತು. ಮೊದಲು ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ಅನಗತ್ಯ ಧಕ್ಕೆ ತರುವ ವೈಯಕ್ತಿಕ ವಿವರಗಳಿಗೆ ಮಾತ್ರ ವಿನಾಯಿತಿಯಿತ್ತು. ಈಗ ವೈಯಕ್ತಿಕ ಮಾಹಿತಿ ಎಂಬಷ್ಟೇ ಮಾತು ಉಳಿದಿದೆ. ಫಲಾನುಭವಿಗಳ ಪಟ್ಟಿ, ಪರಿಹಾರ ವಿತರಣೆಯ ವಿವರಗಳನ್ನು ನಿರಾಕರಿಸಲು ಇದು ನೆಪವಾಗಬಹುದೆಂದು ಮಾಹಿತಿ ಹಕ್ಕು ಕಾರ್ಯಕರ್ತರು ಆಕ್ಷೇಪಿಸಿದ್ದಾರೆ. ಸಾರ್ವಜನಿಕ ಹಿತಾಸಕ್ತಿ ಹೆಚ್ಚಿನದಾಗಿದ್ದರೆ ಮಾಹಿತಿ ನೀಡಬಹುದೆನ್ನುವ 8(2) ಉಪಪ್ರಕರಣ ಉಳಿದಿದೆ ಎಂಬುದು ಸರ್ಕಾರದ ಉತ್ತರ.

ಎಷ್ಟು ಕಾಲ ಇಡಬೇಕು?

ಎಲ್ಲವನ್ನೂ ಶಾಶ್ವತವಾಗಿ ಇಡುವುದು ಹೊಣೆಗಾರಿಕೆಯಲ್ಲ, ಮನಬಂದಂತೆ ನಾಶಪಡಿಸುವುದೂ ಅಲ್ಲ. ರಾಜ್ಯದ ಕಚೇರಿಗಳಲ್ಲಿ ಕಡತಗಳನ್ನು ಮುಕ್ತಾಯದ ವೇಳೆ ಐದು ವರ್ಗಗಳಾಗಿ ವಿಂಗಡಿಸುವ ಪದ್ಧತಿ ಬಹುಕಾಲದಿಂದ ಇದೆ: 'ಎ' ವರ್ಗ ಶಾಶ್ವತ, 'ಬಿ' 30 ವರ್ಷ, 'ಸಿ' 10 ವರ್ಷ, 'ಡಿ' 5 ವರ್ಷ, 'ಇ' 1 ವರ್ಷ. ವರ್ಗ ನಮೂದಿಸದೆ ಕಟ್ಟಿಟ್ಟ ಕಡತಗಳೇ ದಾಖಲೆ ಕೊಠಡಿಗಳ ದೊಡ್ಡ ತೊಡಕು. ಯಾವುದು ಶಾಶ್ವತ, ಯಾವುದು ಅಲ್ಲ ಎಂದು ತಿಳಿಯದಿದ್ದಾಗ ಬೆಲೆಬಾಳುವ ಆದೇಶವೂ ರದ್ದಿಯೊಂದಿಗೆ ಹೋಗುವ ಅಪಾಯವಿರುತ್ತದೆ.

ಕೇಂದ್ರದ ಸಾರ್ವಜನಿಕ ದಾಖಲೆಗಳ ಅಧಿನಿಯಮ 1993ರದ್ದು. ಕರ್ನಾಟಕವು ತನ್ನದೇ ಆದ ರಾಜ್ಯ ಸಾರ್ವಜನಿಕ ದಾಖಲೆಗಳ ಅಧಿನಿಯಮವನ್ನು 2010ರಲ್ಲಿ ರೂಪಿಸಿತು. ಐತಿಹಾಸಿಕ ಮಹತ್ವದ ದಾಖಲೆಗಳನ್ನು ಕಾಪಾಡುವ ಹೊಣೆ ರಾಜ್ಯ ಪತ್ರಾಗಾರ ಇಲಾಖೆಯದು.

ಹೊಸ ಸಂಸ್ಥೆಗಳಿಗೂ ಕಾಲಮಿತಿಗಳಿವೆ. ಗ್ರಾಹಕರ ಗುರುತಿನ ದಾಖಲೆಗಳನ್ನು ವ್ಯವಹಾರ ಮುಗಿದ ಬಳಿಕ 5 ವರ್ಷ ಬ್ಯಾಂಕುಗಳು ಉಳಿಸಿಕೊಳ್ಳಬೇಕು. ಕೇಂದ್ರದ ಸೈಬರ್ ಸುರಕ್ಷಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು ಮತ್ತು ಗಣಕ ವ್ಯವಸ್ಥೆಯ ಚಟುವಟಿಕೆಯ ದಾಖಲೆಯನ್ನು 180 ದಿನ ಉಳಿಸಬೇಕು. 2025ರ ಜನವರಿಯಲ್ಲಿ ಆಸ್ತಿ ನೋಂದಣಿಯ 'ಕಾವೇರಿ 2.0' ತಂತ್ರಾಂಶ ಕೃತಕ ಕೋರಿಕೆಗಳ ದಾಳಿಗೆ ತುತ್ತಾಗಿ ರಾಜ್ಯದಾದ್ಯಂತ ನೋಂದಣಿ ಹಾಗೂ ಋಣಭಾರ ಪ್ರಮಾಣಪತ್ರದ ಸೇವೆಗಳು ಅಸ್ತವ್ಯಸ್ತಗೊಂಡಿದ್ದವು. ಮಾಹಿತಿ ಕದಿಯಲ್ಪಡದಿದ್ದರೂ ಬೇಕಾದ ದಿನ ಸಿಗದಿರುವುದೇ ನಷ್ಟವೆಂದು ಆ ಘಟನೆ ತೋರಿಸಿತು.

ದಾಖಲೆ ಕೊಠಡಿಯಿಂದ ಪರದೆಗೆ

ಕಂದಾಯ ಇಲಾಖೆಯು 2024ರಲ್ಲಿ 'ಭೂ ಸುರಕ್ಷಾ' ಯೋಜನೆಯಡಿ ತಾಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕಾರ್ಯ ಆರಂಭಿಸಿತು. ಮಂಜೂರಾತಿ ಆದೇಶ, ಮ್ಯುಟೇಶನ್ ವಹಿ, ನ್ಯಾಯಮಂಡಳಿಯ ಕಡತಗಳಂತಹ ಕಾಗದಗಳು ಕಳವು, ತಿದ್ದುವಿಕೆ, ಬೆಂಕಿ ಮತ್ತು ಗೆದ್ದಲಿನಿಂದ ಪಾರಾಗಬೇಕೆಂಬುದು ಇದರ ಆಶಯ. ಸ್ಕ್ಯಾನಿಂಗ್ ಎಂಬುದು ಕೊನೆಯ ಹಂತವಲ್ಲ. ಪುಟಗಳ ಎಣಿಕೆ ಮೂಲದೊಂದಿಗೆ ತಾಳೆಯಾಗಬೇಕು, ಹಳೆಯ ಹೆಸರಿನಿಂದಲೂ ಹುಡುಕುವಂತಿರಬೇಕು, ಪ್ರತಿ ಬೇರೊಂದು ಸ್ಥಳದಲ್ಲಿರಬೇಕು, ಮೂಲ ಕಾಗದವನ್ನು ಎಸೆಯಬಾರದು. ಹರಿದ ಪುಟವನ್ನು ಹರಿದಂತೆಯೇ ತೋರಿಸಬೇಕು.

ಬೆಳೆ ಮಾಹಿತಿಯಲ್ಲೂ ಇದೇ ಎಚ್ಚರ ಅಗತ್ಯ. ಹೊಲದಲ್ಲಿ ಗೋವಿನಜೋಳವಿದ್ದು ಬೆಳೆ ಸಮೀಕ್ಷೆಯಲ್ಲಿ ಹತ್ತಿ ಎಂದು ದಾಖಲಾದರೆ ವಿಮಾ ಅರ್ಜಿ ಹೊಂದಾಣಿಕೆಯಾಗುವುದಿಲ್ಲ. ರೈತರ ಜಮೀನು, ಬೆಳೆ, ಸಾಲ, ಆಧಾರ್, ಬ್ಯಾಂಕ್ ಖಾತೆ ಇವೆಲ್ಲ ಒಂದಕ್ಕೊಂದು ಜೋಡಣೆಯಾಗುತ್ತಿರುವ ಈ ಕಾಲದಲ್ಲಿ ಒಂದು ಕಡೆಯ ತಪ್ಪು ಎಲ್ಲ ಕಡೆಗೂ ಹರಿಯುತ್ತದೆ. ಆದ್ದರಿಂದ ತಿದ್ದುಪಡಿಯೂ ಅಷ್ಟೇ ವೇಗವಾಗಿ ಎಲ್ಲ ಕಡೆಗೂ ಹರಿಯುವ ವ್ಯವಸ್ಥೆ ಇರಬೇಕು.

ಸಂಸ್ಥೆಗಳು ಗಮನಿಸಬೇಕಾದುದು

ಪ್ರಾಥಮಿಕ ಸಹಕಾರಿ ಸಂಘದಿಂದ ನಗರದ ದೊಡ್ಡ ಕಂಪನಿಯವರೆಗೆ ಎಲ್ಲರಿಗೂ ಅನ್ವಯಿಸುವ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು:

1. ಪ್ರತಿಯೊಂದು ಬಗೆಯ ದಾಖಲೆಗೂ ಒಬ್ಬ ಹೊಣೆಗಾರ ಅಧಿಕಾರಿಯನ್ನು ಹೆಸರಿಸಬೇಕು.
2. ಬರೆಯುವವರು ಮತ್ತು ಅನುಮೋದಿಸುವವರು ಬೇರೆ ಬೇರೆಯಾಗಿರಬೇಕು.
3. ತಿದ್ದುಪಡಿಯಾದಾಗ ಹಳೆಯ ನಮೂದು ಅಳಿಯಬಾರದು. ಯಾರು, ಯಾವಾಗ, ಏಕೆ ತಿದ್ದಿದರೆಂಬುದು ಉಳಿಯಬೇಕು.
4. ಅಗತ್ಯಕ್ಕಿಂತ ಹೆಚ್ಚಿನ ಮಾಹಿತಿ ಕೇಳಬಾರದು. ಪಡೆದ ಆಧಾರ್ ಪ್ರತಿಗಳನ್ನು ಎಲ್ಲರ ಕೈಗೆಟುಕುವಂತೆ ಇಡಬಾರದು.
5. ಇಡುವ ಅವಧಿ ಮತ್ತು ನಾಶಪಡಿಸುವ ವಿಧಾನ ಲಿಖಿತವಾಗಿರಬೇಕು.
6. ಜನರಿಗೆ ಅರ್ಥವಾಗುವ ಭಾಷೆಯಲ್ಲಿ ದೂರು ನೀಡುವ ದಾರಿ ಇರಬೇಕು.

ನಾಗರಿಕರು ಮಾಡಬಹುದಾದುದು

ಊರಿನಲ್ಲಿ ಜಮೀನಿದ್ದು ಹುಬ್ಬಳ್ಳಿ, ಬೆಂಗಳೂರಿನಲ್ಲಿ ನೆಲೆಸಿರುವವರು ಕಂದಾಯ ಇಲಾಖೆಯ ಭೂದಾಖಲೆ ಜಾಲತಾಣದಲ್ಲಿ ತಮ್ಮ ಉತಾರವನ್ನು ವರ್ಷಕ್ಕೊಮ್ಮೆಯಾದರೂ ನೋಡುವುದು ಒಳಿತು. 9 ಮತ್ತು 11ನೇ ಕಾಲಂಗಳನ್ನು ಓದಬೇಕು, ಮ್ಯುಟೇಶನ್ ವಿವರ ಪರಿಶೀಲಿಸಬೇಕು. ಹಿರಿಯರು ತೀರಿಕೊಂಡಿದ್ದರೆ ವಾರಸಾ ಅರ್ಜಿಯನ್ನು ಮುಂದೂಡಬಾರದು. ತಪ್ಪು ಕಂಡರೆ ತಹಶೀಲ್ದಾರರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು. ಮ್ಯುಟೇಶನ್ ಆದೇಶದ ವಿರುದ್ಧ ಭೂಕಂದಾಯ ಅಧಿನಿಯಮದ 136ನೇ ಪ್ರಕರಣದಡಿ ಮೇಲ್ಮನವಿಗೆ ಅವಕಾಶವಿದೆ. ನಮೂನೆ 7, ನ್ಯಾಯಮಂಡಳಿಯ ಆದೇಶ, ವಾಟ್ನಿ ಪತ್ರಗಳಿದ್ದರೆ ಅವುಗಳ ದೃಢೀಕೃತ ನಕಲನ್ನು ಮನೆಯಲ್ಲಿಯೂ ಇಟ್ಟುಕೊಳ್ಳುವುದು ಕ್ಷೇಮ.

ದಾಖಲೆಯನ್ನು ಇಡುವುದು ಕಚೇರಿಯಾದರೂ ಅದರಲ್ಲಿ ಬರೆದಿರುವುದು ಜನರ ಬದುಕು. ಹಾನಗಲ್ಲಿನ ಭತ್ತದ ಗದ್ದೆಯಾಗಲಿ, ಸವಣೂರಿನ ಎಲೆಬಳ್ಳಿಯ ತೋಟವಾಗಲಿ, ಅದರ ಉತಾರ ಸರಿಯಾಗಿದ್ದರೆ ರೈತನಿಗೆ ಕಚೇರಿಯ ಮೆಟ್ಟಿಲು ಹತ್ತುವ ಪ್ರಸಂಗ ಕಡಿಮೆಯಾಗುತ್ತದೆ. ಮಾಹಿತಿ ನಿರ್ವಹಣೆಯ ಯಶಸ್ಸನ್ನು ಅಳೆಯಲು ಇದಕ್ಕಿಂತ ಸರಳವಾದ ಅಳತೆಗೋಲು ಬೇಕಿಲ್ಲ.